ಮೂರು ಭಾನುವಾರ ಓದಿದ ಪ್ರಕಟಣೆ

ಚರ್ಚಿನಲ್ಲಿ ಸಭಾಪಾಲಕನ ಕೆಲಸಕ್ಕೆ ಸೇರಲು ಹೊರಟ ಹುಡುಗರು ಆಗಾಗ ಶ್ರೀರಂಗಪಟ್ಟಣದ ನನ್ನ ಮನೆಗೆ ಬರುತ್ತಾರೆ. ಪ್ರಸಂಗ ಹೇಗೆ ತಯಾರು ಮಾಡಬೇಕು, ಕಮಿಟಿಯವರನ್ನು ಹೇಗೆ ಸಂಭಾಳಿಸಬೇಕು ಎಂದು ಕೇಳುತ್ತಾರೆ. ಕಾಫಿ ಕೊಟ್ಟು ತಿಳಿದಷ್ಟು ಹೇಳಿ ಕಳಿಸುತ್ತೇನೆ. ಹೇಳಲೇಬೇಕಾದ ಮಾತು ಮಾತ್ರ ಅವರು ಗೇಟು ದಾಟಿದ ಮೇಲೆ ನೆನಪಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ಮೊದಲಿನಿಂದಲೂ ನೆನಪಿರುತ್ತದೆ, ಬಾಯಿಗೆ ಬರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಪಾಲಿಗೆ ಬಂದದ್ದು ನಾಲ್ಕು ತಾಲ್ಲೂಕು. ಪಾಂಡವಪುರದಲ್ಲಿ ಒಂದು ಹೆಂಚಿನ ಚರ್ಚು, ಶ್ರೀರಂಗಪಟ್ಟಣದಲ್ಲಿ ನನ್ನ ಮನೆಯದೇ ಮುಂದಿನ ಕೋಣೆ, ಕೆ.ಆರ್. ಪೇಟೆ ಮತ್ತು ನಾಗಮಂಗಲದಲ್ಲಿ ಯಾರಾದರೂ ವಿಶ್ವಾಸಿಗಳ ಪಡಸಾಲೆ. ಎಲ್ಲ ಊರಿನವರನ್ನೂ ಒಟ್ಟು ಸೇರಿಸಿದರೆ ಎರಡು ಮದುವೆ ಬಸ್ಸು ತುಂಬುತ್ತಿದ್ದವು, ಅಷ್ಟೆ. ಓಡಾಟವೆಲ್ಲ ಬಸ್ಸಿನಲ್ಲೇ. ಕಿಟಕಿ ಪಕ್ಕ ಕೂತು ಪ್ರಸಂಗ ಗುನುಗಿಕೊಳ್ಳುತ್ತಿದ್ದೆ. ನಾಗಮಂಗಲದ ಬಸ್ಸಿನ ಕಂಡಕ್ಟರೊಬ್ಬ ಒಮ್ಮೆ, "ಓದ್ವಾರದ್ದನ್ನೇ ಮತ್ತೆ ಒಡೀತಾ ಇದ್ದೀರಲ್ಲ ಸ್ವಾಮಿ," ಎಂದು ಹಿಡಿದುಬಿಟ್ಟ. ಹೌದು, ಹೋದ ವಾರ ಪಾಂಡವಪುರದಲ್ಲಿ ಹೇಳಿದ್ದನ್ನೇ ಅಲ್ಲಿಯೂ ಹೇಳಲು ಹೊರಟಿದ್ದೆ.

ಬಡ್ತಿ, ಸನ್ಮಾನ, ಶಾಲುಗಳ ವಿಷಯ ಬಿಡುತ್ತೇನೆ. ಅವೆಲ್ಲ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಇವೆ. ತಪ್ಪುಗಳ ವಿಷಯ ಹೇಳುತ್ತೇನೆ. ನಾಗಮಂಗಲದಲ್ಲಿ ಒಮ್ಮೆ ಒಂದು ಸಮಾಧಿ ಕಾರ್ಯ. ಅವಸರದಲ್ಲಿ ಅಣ್ಣನ ಬದಲು ತಮ್ಮನ ಹೆಸರು ಹಿಡಿದು, ಅವನ ಆತ್ಮಕ್ಕೆ ಶಾಂತಿ ಕೊಡೆಂದು ಐದು ನಿಮಿಷ ಪ್ರಾರ್ಥನೆ ಮಾಡಿದೆ. ಕಣ್ಣು ಬಿಟ್ಟರೆ ಆ ತಮ್ಮ ಎದುರಿಗೇ ನಿಂತಿದ್ದಾನೆ. "ಅಯ್ಯನೋರೆ, ಓಗಿರೋದು ನಮ್ಮಣ್ಣ. ನಾನಿನ್ನೂ ಇವ್ನಿ," ಎಂದ. ಸತ್ತವನ ಹೆಂಡತಿಯೂ ಅಳುವುದನ್ನು ಬಿಟ್ಟು ನಕ್ಕಳು. ಈ ಕಥೆಯನ್ನು ನಾನು ಎಲ್ಲ ಸಮಾರಂಭಗಳಲ್ಲೂ ಹೇಳಿ ನಗಿಸಿದ್ದೇನೆ. ಇನ್ನೊಂದು ತಪ್ಪನ್ನು ಎಲ್ಲೂ ಹೇಳಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮದುವೆ ಗೊತ್ತಾದ ಮೇಲೆ ವಧೂವರರ ಹೆಸರನ್ನು ಮೂರು ಭಾನುವಾರ ಸಭೆಯಲ್ಲಿ ಓದಬೇಕು. ಇವರಿಬ್ಬರೂ ಮದುವೆಯಾಗಬಾರದು ಎನ್ನುವುದಕ್ಕೆ ಕಾರಣ ಬಲ್ಲವರು ಯಾರಾದರೂ ಇದ್ದರೆ ತಿಳಿಸಬೇಕು ಎಂದು ಕೇಳಬೇಕು. ಕೇಳಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಬೇಕು. ನನ್ನ ಇಡೀ ಸೇವೆಯಲ್ಲಿ ಯಾರೂ ಆಕ್ಷೇಪಣೆ ಎತ್ತಿದ್ದಿಲ್ಲ. ಒಬ್ಬ ಅಜ್ಜಿ ಮಾತ್ರ ಎದ್ದು ನಿಂತು, ನೆಂಟರಿಗೆ ಊಟದ ಕರೆ ಸರಿಯಾಗಿ ಹೇಳಿಲ್ಲ ಎಂದು ದೂರಿದ್ದಳು.

ಪಾಂಡವಪುರದ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು ಆನಂದ. ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಅವನ ತಂದೆ ಸುಂದರಪ್ಪ ನಮ್ಮ ಸಭೆಯ ಕಾರ್ಯದರ್ಶಿ, ಮಾತು ಕಡಿಮೆ, ಹಟ ಜಾಸ್ತಿ. ಆನಂದನಿಗೆ ಬೈಬಲಿನ ವೇದಪಾಠ ಹೇಳಿಕೊಟ್ಟವನು ನಾನು. ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದ, ಉತ್ತರ ಸಿಗದಿದ್ದರೂ ಮುನಿಸಿಕೊಳ್ಳುತ್ತಿರಲಿಲ್ಲ.

ಒಂದು ವರ್ಷ ಬಲಿಪೀಠದ ಮುಂದಿನ ಕಟಕಟೆಗೆ ಗೆದ್ದಲು ಹಿಡಿಯಿತು. ಪ್ರಭುಭೋಜನದ ದಿನ ಜನ ಆ ಕಟಕಟೆಯ ಮುಂದೆ ಸಾಲಾಗಿ ಮೊಣಕಾಲೂರುತ್ತಾರೆ, ಸಭಾಪಾಲಕ ಒಬ್ಬೊಬ್ಬರ ಅಂಗೈಯಲ್ಲಿ ರೊಟ್ಟಿ ಇಡುತ್ತಾ ಹೋಗುತ್ತಾನೆ. ಹೊಸದು ಮಾಡಲು ನಾಗಮಂಗಲದಿಂದ ಶಿವಣ್ಣ ಎಂಬ ಆಚಾರಿ ಬಂದ. ಮೂವತ್ತು ದಾಟಿರದ, ಕೈಕೆಲಸದಲ್ಲಿ ಬಲು ಚೊಕ್ಕ ಮನುಷ್ಯ. ನಮ್ಮ ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ಚರ್ಚಿನ ಬೀಗದ ಕೈ ಆನಂದನ ಹತ್ತಿರ ಇರುತ್ತಿತ್ತಾದ್ದರಿಂದ ಅವನನ್ನೇ ಕೇಳಿದ: "ಎಲ್ಲಿ, ಒಂದ್ಸಲ ಮೊಣಕಾಲ್ಮೇಲೆ ಕೂತ್ಕಳಿ ಮೇಷ್ಟ್ರೆ. ಕೈ ಎಷ್ಟು ಎತ್ರಕ್ಕೆ ಬತ್ತದೆ ನೋಡವ." ಆನಂದ ಕೂತ. ಶಿವಣ್ಣ ಅಳತೆ ತೆಗೆದುಕೊಂಡ. ನಮ್ಮ ಕಟಕಟೆ ಆನಂದನ ಅಳತೆಗೆ ಆದದ್ದು. ಎರಡು ತಿಂಗಳ ಕೆಲಸ ಮುಗಿದ ಮೇಲೂ ಶಿವಣ್ಣ ಭಾನುವಾರ ಬರುತ್ತಿದ್ದ. ಕೊನೆಯ ಬೆಂಚಿನಲ್ಲಿ ಕೂತು, ಹಾಡುಗಳ ಪುಸ್ತಕವನ್ನು ತೆರೆಯದೆ ಕೈಯಲ್ಲಿ ಹಿಡಿದುಕೊಂಡು, ಆರಾಧನೆ ಮುಗಿಯುವವರೆಗೆ ಇರುತ್ತಿದ್ದ.

ಇದನ್ನು ಬರೆಯುವ ಮೊದಲು ಶಿವಣ್ಣನ ಒಪ್ಪಿಗೆ ಬೇಕಿತ್ತು. ಅವನು ನನ್ನ ಜೊತೆ ಮಾತಾಡುವುದಿಲ್ಲ. ಪರಿಚಯದವರೊಬ್ಬರ ಮೂಲಕ ಕೇಳಿಸಿದೆ. "ಬರ್ಕಳ್ಳಿ. ಸುಳ್ಳು ಬರೀಬ್ಯಾಡಿ ಅಂತ ಯೋಳಿ," ಎಂದನಂತೆ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಆನಂದ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ನಾನು ನಿಲುವಂಗಿ ಮಡಿಸುತ್ತಿದ್ದೆ.

"ಅಯ್ಯನೋರೆ, ನನಗೆ ಹೆಣ್ಮಕ್ಕಳ ಮೇಲೆ ಮನಸ್ಸು ಬರಲ್ಲ. ಚಿಕ್ಕಂದಿನಿಂದ್ಲೂ ಇಂಗೇ. ಈಗ ಶಿವಣ್ಣನ ಮೇಲೆ ಬಂದದೆ."

"ಅವನಿಗೆ ಗೊತ್ತೇನಪ್ಪ?"

"ಗೊತ್ತು. ಅವನಿಗೂ ಅಂಗೇ." ನಿಲುವಂಗಿಯ ಇನ್ನೊಂದು ತುದಿ ಹಿಡಿದುಕೊಂಡ. "ದೇವ್ರು ನನ್ನ ಇಂಗೆ ಮಾಡಿ, ಇಂಗಿದ್ದುದ್ಕೆ ನನ್ನ ದೂರ ಮಾಡ್ತಾನಾ? ಇದೊಂದು ಹೇಳಿ. ಬೇರೇನೂ ಬೇಡ."

ಅವನು ವೇದಪಾಠದ ಕ್ಲಾಸಿನಲ್ಲಿ ಕೇಳುತ್ತಿದ್ದಂಥ ಪ್ರಶ್ನೆ ಅದು. ನನಗೆ ಉತ್ತರ ಗೊತ್ತಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಗೊತ್ತಿಲ್ಲ ಎನ್ನುವ ಮಾತು ನಮ್ಮ ಕೆಲಸದಲ್ಲಿ ಬಹಳ ಕಷ್ಟ. ಇದು ಶೋಧನೆ, ನಲವತ್ತು ದಿನ ಉಪವಾಸ ಮಾಡು, ಪ್ರಾರ್ಥನೆ ಮಾಡು, ಆಮೇಲೆ ಒಂದು ಮದುವೆಯಾಗು, ಎಲ್ಲ ಸರಿಹೋಗುತ್ತದೆ ಎಂದೆ. ಜ್ವರಕ್ಕೆ ಮಾತ್ರೆ ಬರೆದುಕೊಟ್ಟ ಹಾಗೆ ಹೇಳಿದೆ.

"ಹನ್ನೆರಡು ವರ್ಷದಿಂದ ಪ್ರಾರ್ಥನೆ ಮಾಡ್ತಾ ಇವ್ನಿ ಅಯ್ಯನೋರೆ," ಎಂದ. ಆದರೂ ನಲವತ್ತು ದಿನ ಮಾಡಿದ. ಮುಗಿದ ಮಾರನೆಯ ದಿನ ಬಂದ, ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಹೇಗಿದ್ದೀಯಪ್ಪ ಎಂದು ಕೇಳಿದೆ. "ಹಸಿವಾಗ್ತಾ ಅದೆ," ಎಂದು ನಕ್ಕ.

ಅಷ್ಟರಲ್ಲಿ ಸುಂದರಪ್ಪ ಮೈಸೂರಿನಲ್ಲಿ ಹೆಣ್ಣು ನೋಡಿದ್ದ. ಹುಡುಗಿ ಶೀಲಾ, ಆಸ್ಪತ್ರೆಯೊಂದರಲ್ಲಿ ನರ್ಸು. ಆನಂದ ನನ್ನ ಹತ್ತಿರ ಬಂದು, "ನೀವು ಆಗು ಅಂದ್ರೆ ಆಗ್ತೀನಿ," ಎಂದ. ಆಗು ಎಂದೆ. ಅವನು ನನ್ನನ್ನು ನಂಬಿದ್ದ. ಈ ಕಥೆಯಲ್ಲಿ ನನ್ನನ್ನು ಇವತ್ತಿಗೂ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಇದೇ. ಹುಡುಗಿಯ ಕಡೆಯ ಸಭಾಪಾಲಕರು ವರನ ನಡತೆಯ ಬಗ್ಗೆ ಪತ್ರ ಕೇಳಿದರು. ಅದು ನಮ್ಮಲ್ಲಿ ಮಾಮೂಲು. ಆನಂದ ಸಭೆಯ ಪೂರ್ಣ ಸದಸ್ಯ, ಸದ್ಗುಣಿ, ವಿವಾಹಕ್ಕೆ ಯಾವ ಅಡ್ಡಿಯೂ ನನಗೆ ತಿಳಿದಂತೆ ಇಲ್ಲ ಎಂದು ಬರೆದು ಸಹಿ ಹಾಕಿ ಮೊಹರು ಒತ್ತಿದೆ.

ಆಮೇಲೆ ಪ್ರಕಟಣೆ. ಮೊದಲ ಭಾನುವಾರ ಓದಿದೆ. ಕಾರಣ ಬಲ್ಲವರು ಯಾರಾದರೂ ಇದ್ದರೆ ತಿಳಿಸಬೇಕು ಎಂದು ಕೇಳಿ ಒಂದು ಉಸಿರು ನಿಂತೆ. ಆನಂದ ಕೀಬೋರ್ಡಿನ ಮುಂದೆ ತಲೆ ಬಗ್ಗಿಸಿ ಕೂತಿದ್ದ. ಕೊನೆಯ ಬೆಂಚಿನಲ್ಲಿ ಶಿವಣ್ಣ ಇದ್ದ. ಎರಡನೆಯ ಭಾನುವಾರವೂ ಓದಿದೆ. ಮೂರನೆಯ ಸಲ ಓದುವಾಗ ನನ್ನ ಧ್ವನಿ ಎಂದಿನಷ್ಟೇ ಗಟ್ಟಿಯಾಗಿತ್ತು ಎಂದು ನನಗೆ ನೆನಪಿದೆ. ಇಡೀ ಸಭೆಯಲ್ಲಿ ಕಾರಣ ಬಲ್ಲವರು ಮೂವರು. ಒಬ್ಬ ವರ, ಒಬ್ಬ ಕೊನೆಯ ಬೆಂಚಿನವನು, ಇನ್ನೊಬ್ಬ ನಿಂತು ಕೇಳುತ್ತಿದ್ದವನು.

ಆವತ್ತು ಹೊರಗೆ ನಲ್ಲಿಯ ಹತ್ತಿರ ಶಿವಣ್ಣ ನನ್ನನ್ನು ನಿಲ್ಲಿಸಿದ.

"ಸ್ವಾಮಿ, ಕಾರ್ಣ ಗೊತ್ತಿರೋರು ತಿಳ್ಸಿ ಅಂದ್ರಲ್ಲ. ಅದ್ನ ಯಾರು ಬೇಕಾರೂ ತಿಳ್ಸಬೋದಾ?"

"ಅದು ಸಭೆಯ ಸದಸ್ಯರಿಗೆ ಮಾತ್ರ ಶಿವಣ್ಣ."

"ನಾನು ಸದಸ್ಯ ಅಲ್ಲ."

"ಅಲ್ಲ."

"ನೀವು ಅಲ್ವಾ?"

ನಾನು ಗಡಿಯಾರ ನೋಡಿಕೊಂಡೆ. ನಾಗಮಂಗಲದ ಬಸ್ಸಿಗೆ ಹೊತ್ತಾಯಿತು ಎಂದೆ. ನಿಯಮದಲ್ಲಿ ಸದಸ್ಯರು ಎಂಬ ಮಾತೇ ಇಲ್ಲ, ಯಾರಾದರೂ ಎಂದಿದೆ. ಆ ಸುಳ್ಳನ್ನು ನಾನು ಅಲ್ಲೇ ನಿಂತು ಕಟ್ಟಿದ್ದು.

ಮದುವೆ ಚೆನ್ನಾಗಿಯೇ ನಡೆಯಿತು. ಬಿರಿಯಾನಿಯ ಬಗ್ಗೆ ಜನ ತಿಂಗಳುಗಟ್ಟಲೆ ಮಾತಾಡಿದರು. ವರ್ಷ ತುಂಬುವ ಮೊದಲೇ, ಒಂದು ಮಧ್ಯಾಹ್ನ, ಶೀಲಾ ಒಬ್ಬಳೇ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಕೊಟ್ಟ ನೀರನ್ನು ಕುಡಿಯದೆ ಪಕ್ಕದಲ್ಲಿಟ್ಟಳು.

"ಒಂದೇ ಪ್ರಶ್ನೆ ಅಯ್ಯನವರೆ. ನಿಮಗೆ ಗೊತ್ತಿತ್ತಾ?"

"ದೇವರು ಬದಲಾಯಿಸ್ತಾನೆ ಅಂದ್ಕೊಂಡಿದ್ದೆನಮ್ಮ."

"ಅಂದ್ರೆ ಗೊತ್ತಿತ್ತು." ಅವಳು ಅಳಲಿಲ್ಲ. "ಅವರು ಕೆಟ್ಟವರಲ್ಲ. ಅವರೇ ಎಲ್ಲಾ ಹೇಳಿದ್ರು, ನನ್ನ ಕಾಲು ಹಿಡ್ಕೊಂಡು. ನಿಮ್ಮ ಹೆಸರು ಹೇಳ್ಲಿಲ್ಲ. ನೀವು ಬರೆದ ಕಾಗದ ನನ್ನ ಹತ್ರ ಇದೆ, ಅದನ್ನ ನೋಡಿ ನಾನೇ ಊಹಿಸ್ದೆ. ನಮ್ಮಪ್ಪ ಅದನ್ನ ಓದಿ ಎಷ್ಟು ಖುಷಿಪಟ್ಟಿದ್ರು ಗೊತ್ತಾ?"

ಅವಳು ಎದ್ದು ಹೊರಟಳು. ಒಳಗಿನಿಂದ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಮಾರನೆಯ ದಿನ, "ಗಂಡಸ್ರ ಪ್ರಾರ್ಥನೆ ಫಲ ಕೊಡ್ತದೋ ಇಲ್ವೋ ನೋಡಕ್ಕೆ ಒಂದು ಹೆಣ್ಣಿನ ಬಾಳೇ ಬೇಕಾಗಿತ್ತಾ?" ಎಂದು ಕೇಳಿದಳು. ಶೀಲಾಳಿಗೆ ಆಮೇಲೆ ಎರಡು ಸಲ ಕ್ಷಮೆ ಕೇಳಿ ಪತ್ರ ಬರೆದೆ. ಉತ್ತರ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಮದುವೆ ಮುರಿದದ್ದು ಸಭೆಗೆ ತಿಳಿಯಿತು, ಕಾರಣವೂ ತಿಳಿಯಿತು. ಸಭಾಪಾಲಕರ ಮೇಲ್ವಿಚಾರಣೆ ನೋಡುತ್ತಿದ್ದ ನಮ್ಮ ಮೇಲಿನವರು ಬಹಳ ಅಚ್ಚುಕಟ್ಟಾದ ಮನುಷ್ಯ. ಪತ್ರಗಳಲ್ಲಿ ಪ್ರತಿ ಪ್ಯಾರಾಕ್ಕೂ ನಂಬರು ಹಾಕುತ್ತಿದ್ದರು, ಹಬ್ಬಕ್ಕೆ ಮರೆಯದೆ ನನ್ನ ಹೆಂಡತಿಗೆ ಸೀರೆ ಕಳಿಸುತ್ತಿದ್ದರು. ಅವರು ಪಾಂಡವಪುರಕ್ಕೆ ಬಂದು ಕಮಿಟಿ ಸೇರಿಸಿದರು. ಕೋರ್ಟು ಅಪರಾಧ ಅಲ್ಲ ಎಂದ ಮಾತ್ರಕ್ಕೆ ಸಭೆ ಒಪ್ಪಬೇಕಾಗಿಲ್ಲ ಎಂದರು. ಆನಂದ ಕೀಬೋರ್ಡ್ ಮುಟ್ಟಬಾರದು, ಪಶ್ಚಾತ್ತಾಪ ಪಡುವವರೆಗೆ ಪ್ರಭುಭೋಜನ ಇಲ್ಲ ಎಂದು ತೀರ್ಮಾನವಾಯಿತು. ನನ್ನ ಪತ್ರದ ಮಾತೂ ಬಂತು. ಅವರು ನನ್ನ ಬೆನ್ನು ತಟ್ಟಿ, "ನೀವು ಸದುದ್ದೇಶದಿಂದ ಮಾಡಿದಿರಿ," ಎಂದರು. ಶಿಕ್ಷೆ ಕೊಟ್ಟಿದ್ದರೆ ಹಗುರವಾಗುತ್ತಿತ್ತು.

ಮುಂದಿನ ಪ್ರಭುಭೋಜನದ ದಿನ ಆನಂದ ಬಂದು ಕಟಕಟೆಯ ಮುಂದೆ ಮೊಣಕಾಲೂರಿದ. ತೀರ್ಮಾನದ ಪತ್ರ ಅವನ ಕೈಗೆ ತಲುಪಿತ್ತು. ಆದರೂ ಬಂದಿದ್ದ. ಬಲ ಅಂಗೈಯನ್ನು ಎಡ ಅಂಗೈಯ ಮೇಲಿಟ್ಟು, ಕಟಕಟೆಯ ಮೇಲೆ ಚಾಚಿ, ಕಣ್ಣು ಮುಚ್ಚಿ ಕಾಯುತ್ತಿದ್ದ. ಅವನ ಪಕ್ಕದಲ್ಲಿ ಸುಂದರಪ್ಪ. ನಾನು ಸಾಲಿನಲ್ಲಿ ರೊಟ್ಟಿ ಕೊಡುತ್ತಾ ಬಂದೆ, ಆನಂದನ ಮುಂದೆ ನಿಲ್ಲದೆ ದಾಟಿದೆ, ಸುಂದರಪ್ಪನ ಕೈಯಲ್ಲಿ ರೊಟ್ಟಿ ಇಟ್ಟೆ. ಸುಂದರಪ್ಪ ಅದನ್ನು ಬಾಯಿಗೆ ಹಾಕಿಕೊಳ್ಳದೆ ಬಹಳ ಹೊತ್ತು ಹಿಡಿದಿದ್ದ. ಆಮೇಲೆ ತಿಂದ. ಎಲ್ಲರೂ ಎದ್ದ ಮೇಲೆ ಆನಂದ ಎದ್ದ. ಬಾಗಿಲಿನತ್ತ ಹೋಗುವಾಗ ಕೀಬೋರ್ಡಿನ ಮೇಲಿನ ಬಟ್ಟೆ ವಾರೆಯಾಗಿತ್ತು, ಅದನ್ನು ಸರಿಮಾಡಿ ಹೋದ. ಅವತ್ತಿನಿಂದ ಅವನು ನಮ್ಮ ಚರ್ಚಿಗೆ ಬರಲಿಲ್ಲ.

ಇಬ್ಬರೂ ಕ್ಯಾತನಹಳ್ಳಿಯಲ್ಲಿ ಒಂದು ಮನೆ ಹಿಡಿದರು. ಶಿವಣ್ಣ ಹಿತ್ತಲ ಶೆಡ್ಡಿನಲ್ಲಿ ಕೆಲಸ ಶುರುಮಾಡಿದ, ಆನಂದ ಸಂಜೆ ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಆ ದಾರಿಯಲ್ಲಿ ಹೋಗುವಾಗ ಮನೆಯ ಮಾಲೀಕರು, ಕಬ್ಬು ಬೆಳೆಯುವ ಗೌಡರು, ನನಗೆ ಎದುರಾದರು. ಅವರ ಮನಸ್ಸಿನಲ್ಲಿ ಏನಿದೆಯೋ ತಿಳಿಯೋಣ ಎಂದು ಮಾತು ತೆಗೆದೆ.

"ನಮ್ಗೆ ತಿಳೀದಾ ಅಯ್ನೋರೆ? ಊರ್ಗೇ ಗೊತ್ತು. ಮೊದ್ಲು ಒಂದಷ್ಟು ಜನ ಗೊಣಗಿದ್ರು. ಆಮೇಕೆ ಬಾಗ್ಲು ಕೂರ್ಸಕ್ಕೆ ಶಿವಣ್ಣನೇ ಬೇಕಾಯ್ತು, ಐಕ್ಳಿಗೆ ಲೆಕ್ಕ ಯೋಳ್ಕೊಡಕ್ಕೆ ಮೇಷ್ಟ್ರೇ ಬೇಕಾಯ್ತು. ಅವ್ರ ಪಾಡ್ಗೆ ಅವ್ರವ್ರೆ ಬುಡಿ."

ನಾನು ಮುಂದಕ್ಕೆ ಹೋದೆ. ಆ ಮನೆಯ ಬಾಗಿಲು ತೆರೆದಿತ್ತು, ಒಳಗೆ ಹೋಗುವ ಮುಖ ನನಗಿರಲಿಲ್ಲ.

ಕೆ.ಆರ್. ಪೇಟೆಯಲ್ಲಿ ಸುಗುಣಮ್ಮ ಎಂಬುವರಿದ್ದರು, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸಾಗಿದ್ದು ನಿವೃತ್ತರಾದವರು. ಅವರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಪ್ರಾರ್ಥನೆ. ಆನಂದ, ಶಿವಣ್ಣ ಅಲ್ಲಿಗೆ ಹೋಗುತ್ತಿದ್ದಾರೆ, ಹೇಮಗಿರಿ ಕಡೆಯಿಂದ ಒಬ್ಬ ಮಂಗಳಮುಖಿಯೂ ಬರುತ್ತಾಳೆ, ಎಲ್ಲರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಹಂಚಿಕೊಳ್ಳುತ್ತಾರೆ ಎಂದು ಮೇಲಿನವರ ಕಿವಿಗೆ ಬಿತ್ತು. ಅದನ್ನು ನಿಲ್ಲಿಸಿ ಬನ್ನಿ ಎಂದು ನನ್ನನ್ನು ಕಳಿಸಿದರು. ಹೋದೆ.

ಸುಗುಣಮ್ಮ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. "ಮೂವತ್ತು ವರ್ಸ ಮಕ್ಳ ಎತ್ಕಂಡಿದ್ದೀನಿ ಅಯ್ಯನೋರೆ. ಒಂದ್ಕೂ ನೀನು ಎಂತದು, ಮುಂದೆ ಏನಾಯ್ತೀಯ ಅಂತ ಕೇಳ್ನಿಲ್ಲ. ದೇವ್ರು ಕಳ್ಸುದ್ನ ಎತ್ಕಂಡೆ, ಒರೆಸ್ದೆ, ತಾಯಿ ಮಡ್ಲಿಗೆ ಆಕ್ದೆ. ಈಗ ವಯಸ್ಸಾದ್ಮೇಲೆ ಬಾಗ್ಲಲ್ಲಿ ನಿಂತ್ಕಂಡು ಇಚಾರ್ಸ್ಲಾ?"

"ಪ್ರಭುಭೋಜನ ಕೊಡೋ ಅಧಿಕಾರ ನಿಮಗಿಲ್ಲವಲ್ಲ ಸುಗುಣಮ್ಮ."

"ಪ್ರಭುಭೋಜನ ಅಂತ ಯಾರಂದ್ರು? ನಮ್ಮನೆ ಅಕ್ಕಿರೊಟ್ಟಿ ಅದು. ಅಂಗೇ ಬರ್ದು ಕಳ್ಸಿ ನಿಮ್ ದೊಡ್ಡೋರ್ಗೆ. ಈಗ ಕೂತ್ಕಳಿ, ಎರಡು ತಿನ್ನಿ."

ಕೂತೆ. ಹತ್ತು ಹದಿನೈದು ಜನ ಚಾಪೆಯ ಮೇಲೆ ಸುತ್ತ ಕೂತಿದ್ದರು. ಆನಂದ ಒಂದು ಹಳೆಯ ಹಾರ್ಮೋನಿಯಂ ನುಡಿಸಿದ. ಶಿವಣ್ಣ ಅವನ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಹಾಡುತ್ತಿದ್ದ. ನಮ್ಮ ಚರ್ಚಿನಲ್ಲಿ ಅವನ ಧ್ವನಿಯನ್ನು ನಾನು ಕೇಳಿಯೇ ಇರಲಿಲ್ಲ. ತಟ್ಟೆ ಕೈಯಿಂದ ಕೈಗೆ ಹೋಯಿತು, ಒಬ್ಬರು ತಾವು ಮುರಿದುಕೊಂಡು ಪಕ್ಕದವರಿಗೆ ಹಿಡಿಯುತ್ತಿದ್ದರು. ಮೇಲಿನವರಿಗೆ ನಾನು ಅಕ್ಕಿರೊಟ್ಟಿ ಎಂದೇ ವರದಿ ಬರೆದೆ. ಅದೊಂದು ಸುಳ್ಳಿಗೆ ಮಾತ್ರ ನಾನು ನಾಚಿಲ್ಲ.

ಆಮೇಲೆ ಕೆ.ಆರ್. ಪೇಟೆಗೆ ಹೋಗುವುದು ಹೆಚ್ಚಾಯಿತು. ಪ್ರವಾದಿಯೊಬ್ಬನ ಗ್ರಂಥದಲ್ಲಿ ಒಂದು ಭಾಗವಿದೆ, ಜನ ಸಾಮಾನ್ಯವಾಗಿ ಹೊರಗಿಡುವಂಥವರಿಗೂ ದೇವರ ಮನೆಯಲ್ಲಿ ಜಾಗ ಉಂಟು ಎಂದು ಹೇಳುವ ಭಾಗ. ಅಷ್ಟು ವರ್ಷ ಸಭೆಯಲ್ಲಿ ಅದನ್ನು ಓದದೆ ಹಾರಿಸುತ್ತಾ ಬಂದಿದ್ದೆ. ಈಗ ಬಸ್ಸಿನಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಆನಂದನನ್ನು ಕೇಳಿಯೇಬಿಟ್ಟೆ: "ಇಷ್ಟೆಲ್ಲ ಆದ ಮೇಲೂ ಹೇಗಪ್ಪ ಪ್ರಾರ್ಥನೆ ಮಾಡ್ತೀಯ?"

"ಅವತ್ತು ಕೈ ಚಾಚ್ಕೊಂಡು ಕೂತಿದ್ನಲ್ಲ ಅಯ್ಯನೋರೆ, ನೀವು ನನ್ನ ದಾಟ್ಕೊಂಡು ಹೋದ್ರಿ. ಕಣ್ಣು ಮುಚ್ಚಿದ್ರೂ ಗೊತ್ತಾಯ್ತು. ಆದ್ರೆ ದೇವ್ರು ದಾಟ್ಕೊಂಡು ಹೋದ ಅಂತ ಅನ್ನಿಸ್ಲಿಲ್ಲ. ಅಲ್ಲೇ ಕೂತಿದ್ದ ನನ್ನ ಜೊತೆ. ನೀವು ನಲವತ್ತು ದಿನ ಕೇಳು ಅಂದಿದ್ದಕ್ಕೆ ಉತ್ತರ ಆಗ ಬಂತು." ಆಮೇಲೆ, "ನಿಮಗೂ ಕಷ್ಟ ಆಗಿತ್ತು ಅಲ್ವಾ?" ಎಂದ. ಹುಡುಗರೇ, ಅವನು ನನ್ನನ್ನು ಸಂತೈಸುತ್ತಿದ್ದ.

ನನ್ನ ನಿವೃತ್ತಿ ಹತ್ತಿರವಾಯಿತು. ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಮೂರು ಮನೆಗಳ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ. ಮನೆಯವರೆಲ್ಲರ ಹೆಸರು, ಆಮೇಲೆ ಊರು. ಸರದಿ ತಿರುಗುತ್ತಾ ಇರುತ್ತದೆ. ಆನಂದನ ಹೆಸರು ಅವರಪ್ಪನ ಮನೆಯ ಸಾಲಿನಿಂದ ಬಿದ್ದುಹೋಗಿ ವರ್ಷಗಳಾಗಿದ್ದವು.

"ಹೋಗೋಕೆ ಮುಂಚೆ ಒಂದ್ಸಲ ನಮ್ಮನೆ ಹೆಸ್ರು ಓದ್ತೀರಾ?" ಎಂದು ಆನಂದ ಕೇಳಿದ. "ಆನಂದ, ಶಿವಣ್ಣ, ಕ್ಯಾತನಹಳ್ಳಿ. ಅಷ್ಟೇ ಸಾಕು. ಒಂದು ಮನೆ ಅಂತ."

ಓದುತ್ತೇನೆ ಎಂದು ಮಾತು ಕೊಟ್ಟೆ. ಕೊನೆಯ ಭಾನುವಾರ ಓದುತ್ತೇನೆ, ಬನ್ನಿ ಎಂದೆ. ಇಬ್ಬರೂ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕೂತರು. ಬೀಳ್ಕೊಡುಗೆಗೆಂದು ಮೇಲಿನವರೂ ಶಾಲು, ಹಾರ ಹಿಡಿದು ಬಂದಿದ್ದರು, ಮುಂದಿನ ಸಾಲಿನಲ್ಲೇ ಇದ್ದರು. ಅವರಿಬ್ಬರ ಹೆಸರು ಬರೆದ ಚೀಟಿ ನನ್ನ ಜೇಬಿನಲ್ಲಿತ್ತು. ಮೊದಲ ಮನೆ ಓದಿದೆ, ಎರಡನೆಯ ಮನೆ, ಮೂರನೆಯ ಮನೆ. ಆಮೇಲೆ ಜೇಬಿಗೆ ಕೈ ಹಾಕಿದೆ. ಚೀಟಿ ಬೆರಳಿಗೆ ಸಿಕ್ಕಿತು. ಒಂದು ಉಸಿರು ನಿಂತೆ. ಮೇಲಿನವರು ತಲೆ ಎತ್ತಿ ನೋಡಿದರು. ಆಮೆನ್ ಎಂದುಬಿಟ್ಟೆ.

ಪಿಂಚಣಿ ಹೋಗುತ್ತದೆ ಎಂದೇನೂ ಅಲ್ಲ. ಹೆದರುವುದಕ್ಕೆ ನನ್ನ ಹತ್ತಿರ ಕಾರಣವೇ ಇರಲಿಲ್ಲ. ಅಭ್ಯಾಸ ಇತ್ತು, ಅಷ್ಟೆ. ಶಾಲು ಹೊದಿಸುವಾಗ ಶಿವಣ್ಣ ಎದ್ದು ಹೊರಗೆ ಹೋಗುವುದು ಕಾಣಿಸಿತು. ಆನಂದ ಕೊನೆಯವರೆಗೂ ಇದ್ದು, ಸಾಲಿನಲ್ಲಿ ಬಂದು ನನ್ನ ಕೈ ಹಿಡಿದುಕೊಂಡ. "ಆರೋಗ್ಯ ನೋಡ್ಕೊಳ್ಳಿ ಅಯ್ಯನೋರೆ," ಎಂದ. ಅದೇ ಕೊನೆಯ ಮಾತು.

ಮುಂದಿನ ಕಬ್ಬಿನ ಕಟಾವಿನ ಕಾಲ. ಒಂದು ಸಂಜೆ ಆನಂದ ಶಾಲೆಯಿಂದ ಮನೆಗೆ ಹೊರಟಿದ್ದ. ಕ್ಯಾತನಹಳ್ಳಿಗೆ ಇನ್ನು ಸ್ವಲ್ಪ ದೂರ ಇರುವಾಗ, ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಬೈಕು ಗುದ್ದಿತು. ಟ್ರೇಲರಿನ ಹಿಂದೆ ದೀಪ ಇರಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಪಾಂಡವಪುರದ ಸಮಾಧಿ ಭೂಮಿಗೆ ನಾನೂ ಹೋದೆ. ನಮ್ಮಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಮೊದಲ ಹಿಡಿ ಮಣ್ಣನ್ನು ಮನೆಯವರು ಹಾಕಬೇಕು, ಆಮೇಲೆ ಬಂಧುಗಳು, ಆಮೇಲೆ ಸಭೆ. ಕೋಲೂರಿಕೊಂಡು ಸುಂದರಪ್ಪ ನಿಂತಿದ್ದ. ಕಮಿಟಿಯವರಿದ್ದರು. ಶಿವಣ್ಣ ಎಲ್ಲರ ಹಿಂದೆ, ಕಾಂಪೌಂಡಿನ ಗೋಡೆಯ ಹತ್ತಿರ ಇದ್ದ. ಅವನ ಪಕ್ಕದಲ್ಲಿ ಸುಗುಣಮ್ಮ. ನನ್ನ ಜಾಗಕ್ಕೆ ಬಂದಿರುವ ಸಭಾಪಾಲಕ ಇನ್ನೂ ಹುಡುಗ, ನಿಲುವಂಗಿ ಅವನಿಗೆ ಒಂದು ಗೇಣು ಉದ್ದ. ಅವನು ಪುಸ್ತಕ ಮುಚ್ಚಿ ತಲೆಯೆತ್ತಿ ನೋಡಿದ.

"ಮೇಷ್ಟ್ರ ಮನೆಯವರು ಮೊದಲು ಬರಬೇಕು. ಶಿವಣ್ಣ, ಬನ್ನಿ."

ನಾನು ಸುತ್ತ ನೋಡಿದೆ. ಯಾರಾದರೂ ಎದುರು ಮಾತಾಡುತ್ತಾರೆ ಎಂದುಕೊಂಡೆ. ಕಮಿಟಿಯವರು ನೆಲ ನೋಡಿದರು. ಸುಂದರಪ್ಪ ಕೋಲನ್ನು ಎಳೆದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಶಿವಣ್ಣ ಬಂದ, ಮಣ್ಣು ಹಾಕಿದ, ಅಲ್ಲೇ ಕುಸಿದು ಕೂತ. ಸುಂದರಪ್ಪ ಕೋಲು ಕೆಳಗಿಟ್ಟು, ಒಂದು ಕೈಯನ್ನು ಅವನ ಭುಜದ ಮೇಲಿಟ್ಟು ಇನ್ನೊಂದರಿಂದ ಮಣ್ಣು ಹಾಕಿದ.

ಅಷ್ಟೇ ಇತ್ತು. ಒಂದು ಹೆಸರು ಕರೆಯುವಷ್ಟು ಹೊತ್ತು. ಅದಕ್ಕೆ ಹೆದರಿ ನಾನು ಶೀಲಾಳ ಬಾಳು ಕೆಡಿಸಿದೆ, ಆನಂದನನ್ನು ದಾಟಿದೆ, ಚೀಟಿಯನ್ನು ಜೇಬಿನಲ್ಲೇ ಉಳಿಸಿಕೊಂಡೆ. ಆ ಹುಡುಗನ ಹತ್ತಿರ ಹೋಗಿ, ಇದನ್ನು ಯಾರು ಹೇಳಿಕೊಟ್ಟರಪ್ಪ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮನೆಯವರಲ್ವಾ ಅಯ್ಯನೋರೆ?" ಎಂದ.

ಮುಂದಿನ ಭಾನುವಾರ ಕೆ.ಆರ್. ಪೇಟೆಗೆ ಹೋದೆ. ಹೋಗಲೋ ಬೇಡವೋ ಎಂದು ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದೆ. ಸುಗುಣಮ್ಮನ ಮನೆಯಲ್ಲಿ ಆಗಲೇ ಹಾಡು ಶುರುವಾಗಿತ್ತು, ಹಾರ್ಮೋನಿಯಂ ಮುಚ್ಚಿತ್ತು. ಚಾಪೆಯಲ್ಲಿ ಉಳಿದಿದ್ದ ಒಂದೇ ಜಾಗ ಶಿವಣ್ಣನ ಪಕ್ಕದ್ದು. ಸುಗುಣಮ್ಮ ಅಲ್ಲಿಗೇ ಕೈ ತೋರಿಸಿದರು. ಕೂತೆ. ಶಿವಣ್ಣ ನನ್ನ ಕಡೆ ತಿರುಗಲಿಲ್ಲ.

ಪ್ರಾರ್ಥನೆ ಮುಗಿದು ತಟ್ಟೆ ಹೊರಟಿತು. ಸುತ್ತಿ ಬಂದು ಶಿವಣ್ಣನ ಕೈ ಸೇರಿತು. ಅವನು ಒಂದು ಚೂರು ಮುರಿದುಕೊಂಡ, ತಟ್ಟೆಯನ್ನು ನನ್ನ ಮುಂದೆ ಹಿಡಿದ. ನನಗೆ ಕೈ ಏಳಲಿಲ್ಲ. ನನ್ನ ಆಚೆ ಕೂತಿದ್ದ ಹೆಂಗಸು ಕೈ ಚಾಚಿಕೊಂಡು ಕಾಯುತ್ತಿದ್ದಳು, ಅವಳಿಗೆ ಕೊಟ್ಟುಬಿಡುವುದು ಅವನಿಗೆ ಸುಲಭವಿತ್ತು. ಅವನು ಕೊಡಲಿಲ್ಲ. ತಗೊಳ್ಳಿ ಎಂದೂ ಹೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನಾನು ತೆಗೆದುಕೊಳ್ಳುವವರೆಗೆ ತಟ್ಟೆಯನ್ನು ಹಾಗೇ ಹಿಡಿದುಕೊಂಡಿದ್ದ.